ಗಂಡನ ಹೆಸರು ಕೂಗಿದ ದಾಕ್ಷಾಯಣಮ್ಮ

ಅಜ್ಜಂಪುರದಲ್ಲಿ ಗಂಡನ ಹೆಸರನ್ನು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ ಹೆಂಗಸು ದಾಕ್ಷಾಯಣಮ್ಮ ಒಬ್ಬಳೇ. ಊರು ಬಾಯಿಗೆ ಸೆರಗು ಹಿಡಿದು ನಕ್ಕಿತು. ನಕ್ಕವರ ಬಾಯಿಗೆ ಮಣ್ಣು ಬೀಳಲಿ, ಆ ಹೆಸರು ಅವಳ ನಾಲಿಗೆಗೆ ಹೇಗೆ ಬಂತೆಂದು ಒಬ್ಬರೂ ಕೇಳಲಿಲ್ಲ.

ಪ್ಲೇಗು ಬಂದ ವರ್ಷ ಅವಳ ಗಂಡ ಜ್ವರ ಬಂದು ಹೋಗಿಬಿಟ್ಟ. ಊರಿಗೆ ಊರೇ ಮನೆಗಳಿಗೆ ಬೀಗ ಜಡಿದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಅವಳೂ ಒಂಬತ್ತು ವರ್ಷದ ಮಗಳು ವಿಶಾಲಾಕ್ಷಿಯನ್ನು ಕಟ್ಟಿಕೊಂಡು ಅಲ್ಲಿಗೇ ಬಂದಳು. ಹುಡುಗಿಯ ಹೆಸರಿನಲ್ಲಿ ತಾತ ಬರೆದಿಟ್ಟ ತೆಂಗಿನ ತೋಟವೊಂದಿತ್ತು. ಮೈದುನ ಈರಭದ್ರಪ್ಪನ ಕಣ್ಣು ಅದರ ಮೇಲೆ. ಹುಡುಗಿಯನ್ನು ತನ್ನ ಹೆಂಡತಿಯ ತಮ್ಮನಿಗೆ ಕಟ್ಟಿಬಿಟ್ಟರೆ ತೋಟ ಎಲ್ಲಿಗೆ ಹೋದೀತು? ಮಹಾರಾಯ, ಅಣ್ಣನ ಸೂತಕ ಕಳೆದದ್ದೇ ತಡ, ಹುಡುಗಿಗೆ ತಾನೇ ಪೋಷಕನಾಗಬೇಕೆಂದು ತರೀಕೆರೆ ಕೋರ್ಟಿಗೆ ಅರ್ಜಿ ಹಾಕಿದ.

ತಾಯಿಗೆ ನೋಟೀಸು ಕೊಡಲು ಕೋರ್ಟಿನ ಅಮೀನ ದೇವೀರಪ್ಪ ಬಂದ. ಪ್ಲೇಗಿಗೆ ಹೆದರಿ ಬೇಲಿಯಾಚೆಯೇ ನಿಂತ.

"ಏನಮ್ಮಾ ನಿನ್ನ ಹೆಸರು?"

"ದಾಕ್ಷಾಯಣಮ್ಮ."

"ಇಲ್ಲಿ ಇನ್ನೂ ಇಬ್ರು ದಾಕ್ಷಾಯಣಮ್ಮ ಇದಾರೆ. ಗಂಡನ ಹೆಸರು ಹೇಳು."

ಹೇಳುವುದು ಹೇಗೆ? ತಾಳಿ ಕಟ್ಟಿಸಿಕೊಂಡ ದಿನದಿಂದ ಆ ಹೆಸರನ್ನು ಅವಳು ಆಡಿದವಳಲ್ಲ.

"ನಮ್ಮ ವಿಶಾಲಿ ಅಪ್ಪ," ಎಂದಳು.

"ಅದು ಸಾಲ್ದು. ಕಾಗದದಲ್ಲಿರೋ ಹೆಸರು ನಿನ್ ಬಾಯಲ್ಲೇ ಬರಬೇಕು, ನಾನು ಹೇಳ್ಕೊಡೋ ಹಾಗಿಲ್ಲ."

"ಮಗಳು ನೀರಿಗೆ ಹೋಗಿದಾಳೆ. ಬಂದು ಹೇಳ್ತಾಳೆ, ಒಂಚೂರು ತಡೀರಿ ಸ್ವಾಮಿ. ಏನ್ ಕಾಗದ ಅದು?"

"ನೀನ್ಯಾರು ಅಂತ ಗೊತ್ತಾಗ್ದೆ ಹೆಂಗಮ್ಮ ಹೇಳೋದು?"

ಅಮೀನ ತಡೆಯಲಿಲ್ಲ. ಊರೊಳಗೆ ಹೋಗಿ ಬೀಗ ಬಿದ್ದ ಅವಳ ಮನೆಯ ಬಾಗಿಲಿಗೆ ನೋಟೀಸು ಅಂಟಿಸಿ, ತರೀಕೆರೆಯಿಂದ ಜೊತೆಗೆ ತಂದಿದ್ದ ಇಬ್ಬರು ಸಾಕ್ಷಿಗಳ ರುಜು ಹಾಕಿಸಿಕೊಂಡು ಹೊರಟುಹೋದ. ಬಾಗಿಲಿಗೆ ಅಂಟಿಸಿದರೆ ಕೈಗೆ ಕೊಟ್ಟ ಲೆಕ್ಕವೇ. ಇಲಿ ಕೂಡ ಉಳಿದಿರದ ಊರಿನಲ್ಲಿ ಅದನ್ನು ಓದುವವರು ಯಾರು? ವಾಯಿದೆಯ ದಿನ ಕೋರ್ಟಿನಲ್ಲಿ ಅವಳ ಹೆಸರು ಕೂಗಿದಾಗ ಅವಳು ಗುಡಿಸಲಿನಲ್ಲಿ ರಾಗಿ ಬೀಸುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಅದೇ ಅಮೀನ ಬಂದ. ಜೊತೆಗೆ ಗಾಡಿ ಕಟ್ಟಿಕೊಂಡು ಈರಭದ್ರಪ್ಪ.

"ಕೋರ್ಟಿನ ಹುಕುಂ ಆಗಿದೆ ಅತ್ತಿಗೆ, ಹುಡುಗೀನ ಕಳಿಸಿ."

"ಅಯ್ಯೋ ಶಿವನೇ! ನನ್ನ ಒಂದು ಮಾತು ಕೇಳಬಾರದಿತ್ತೇನ್ರೋ?"

"ಕೇಳಿದ್ನಲ್ಲಮ್ಮ," ಎಂದ ಅಮೀನ ಮುಖ ತಿರುಗಿಸಿಕೊಂಡು. "ನೀನು ಬಾಯಿ ಬಿಡ್ಲಿಲ್ಲ."

ಅಳುತ್ತಿದ್ದ ಮಗುವನ್ನು ಎತ್ತಿ ಕೂರಿಸಿಕೊಂಡು ಗಾಡಿ ಹೊರಟಿತು. ದಾಕ್ಷಾಯಣಮ್ಮ ತಲೆಯ ಸೆರಗು ಜಾರಿದ್ದೂ ತಿಳಿಯದೆ ಹಿಂದೆ ಓಡಿದಳು.

"ಮಲ್ಲಿಕಾರ್ಜುನಪ್ಪ! ಮಲ್ಲಿಕಾರ್ಜುನಪ್ಪನ ಹೆಂಡ್ತಿ ಕಣ್ರೋ ನಾನು! ಹೇಳಿದ್ನಲ್ಲ, ಈಗ ಹೇಳಿದ್ನಲ್ಲ, ಇಳಿಸ್ರೋ ನನ್ನ ಮಗೂನ!"

ಗಾಡಿ ನಿಲ್ಲಲಿಲ್ಲ. ಅವಳು ತರೀಕೆರೆಗೆ ನಡೆದೇ ಹೋದಳು. ವಕೀಲರ ಮುಂದೆ, ಗುಮಾಸ್ತರ ಮುಂದೆ, ಕೇಳಿದವರಿಗೂ ಕೇಳದವರಿಗೂ ಆ ಹೆಸರು ಹೇಳಿದಳು. ನೋಟೀಸು ಅವಳಿಗೆ ಮುಟ್ಟಿಲ್ಲವೆಂದು ಕೋರ್ಟು ಕೊನೆಗೂ ಒಪ್ಪಿ ಹುಕುಂ ರದ್ದು ಮಾಡಿತು. ಅಷ್ಟರಲ್ಲಿ ಹುಡುಗಿಯ ಕೊರಳಿಗೆ ತಾಳಿ ಬಿದ್ದಾಗಿತ್ತು. ಅದನ್ನು ಯಾವ ಕೋರ್ಟು ಬಿಚ್ಚೀತು?

ವಿಶಾಲಾಕ್ಷಿ ಮೊದಲ ಸಲ ತವರಿಗೆ ಬಂದಾಗ ತಾಯಿ ಅವಳನ್ನು ಎದುರಿಗೆ ಕೂರಿಸಿಕೊಂಡಳು.

"ಎಲ್ಲಿ, ನಿನ್ನ ಗಂಡನ ಹೆಸರು ಹೇಳೇ."

ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ತಲೆ ತಗ್ಗಿಸಿತು.

"ಹೇಳೇ ನನ್ನವ್ವ. ನಿನ್ ಕಾಲಿಗೆ ಬೀಳ್ತೀನಿ, ಒಂದ್ಸಲ ಹೇಳೇ."

ಹುಡುಗಿ ಹೇಳಲಿಲ್ಲ.