ಉಳಿಸದ ಚೂರು

ಕಲ್ಪೆಟ್ಟದ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದ ಅಕ್ಕ ಬೇಗೂರಿನ ಕಡೆಯವರು. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಮಂಜುಗಡ್ಡೆಯ ಮೇಲಿಟ್ಟು ಗಟ್ಟಿ ಮಾಡಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯುವುದು ನಮ್ಮ ಕೆಲಸ. ಆ ಮೇಣದ ತುಂಡಿಗೆ ಬ್ಲಾಕ್ ಅನ್ನುತ್ತೇವೆ. ಕೊಯ್ಯುವ ಮೊದಲು ಅದರ ಮೇಲೆ ಮೆಲ್ಲಗೆ ಬಿಸಿಯುಸಿರು ಬಿಡಬೇಕು, ಇಲ್ಲದಿದ್ದರೆ ಪದರ ಸುರುಳಿ ಸುತ್ತುತ್ತದೆ. ಎಲ್ಲರೂ ಹಾಗೇ ಮಾಡುತ್ತಾರೆ. ಅಕ್ಕ ಮಾತ್ರ ಉಸಿರು ಬಿಟ್ಟ ಮೇಲೆ, ಆ ಕಡೆಯಿಂದಲೂ ಏನೋ ಬರಬೇಕು ಎಂಬಂತೆ ಒಂದು ಗಳಿಗೆ ಕಾಯುತ್ತಿದ್ದರು.

“ಪೂರ್ತಿ ಕೊಯ್ಬೇಡ. ಸ್ವಲ್ಪ ಉಳ್ಸು, ಕೇಳ್ಕೊಂಡು ಬರ್ತಾರೆ” ಎಂದು ದಿನಾ ಹೇಳುತ್ತಿದ್ದರು.

ಒಂದು ಸಲ ಪದರ ಸರಿಯಾಗಿ ಬರಲಿಲ್ಲವೆಂದು ಕೊಯ್ಯುತ್ತಲೇ ಹೋಗಿ, ಚೂರನ್ನೆಲ್ಲ ಮುಗಿಸಿಬಿಟ್ಟೆ. ಬ್ಲಾಕಿನಲ್ಲಿ ಬರೀ ಬಿಳಿ ಮೇಣ ಉಳಿಯಿತು. ಹೆದರಿ, ಯಾರಿಗೂ ಹೇಳದೆ ಅದನ್ನು ಅದರ ಜಾಗದಲ್ಲೇ ಇಟ್ಟೆ.

ವಾರ ಕಳೆದು ತಿರುನೆಲ್ಲಿಯ ಮುದುಕರೊಬ್ಬರು ಬಂದರು. ನಾನು ಮುಗಿಸಿದ್ದು ಅವರದೇ ಬ್ಲಾಕ್. ಕೋಳಿಕ್ಕೋಡಿನ ದೊಡ್ಡಾಸ್ಪತ್ರೆಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಲು ಅದು ಬೇಕಿತ್ತು. ನಾನು ಅದನ್ನು ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟೆ. ಅವರು ಅದನ್ನು ತೆರೆಯಲಿಲ್ಲ. ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತರು. ಆಮೇಲೆ ಪಕ್ಕದಲ್ಲಿದ್ದ ಅಕ್ಕನ ಕೈಗೆ ಕೊಟ್ಟು, ಮಗಳನ್ನು ಕರೆಯುವಂತೆ “ಮೋಳೇ, ಇದ್ರೊಳಗೆ ನಾನಿಲ್ಲ” ಎಂದರು.

ಅಕ್ಕನೂ ಲಕೋಟೆ ತೆರೆಯಲಿಲ್ಲ. ಬಾಯಿಯ ಹತ್ತಿರ ಹಿಡಿದು ಉಸಿರು ಬಿಟ್ಟರು, ಎಂದಿನಂತೆ ಕಾದರು. ನಂತರ ನನ್ನ ಕಡೆ ತಿರುಗಿದರು.