ಮಿಲ್ಲಿನವರ ಮಡಿಲಕ್ಕಿ

ಎಪ್ಪತ್ತರ ದಶಕದಲ್ಲಿ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ನನ್ನನ್ನು ಮೇಷ್ಟ್ರಾಗಿ ಹಾಕಿದ್ದರು. ನಾನು ಮಳವಳ್ಳಿ ಪೇಟೆಯಲ್ಲಿ ಬೆಳೆದವನು. ಹಕ್ಕಿ ಎಂದರೆ ನನಗೆ ಕಾಗೆ, ಗುಬ್ಬಿ, ದೇವಸ್ಥಾನದ ಪಾರಿವಾಳ, ಅಷ್ಟೇ. ಬಾಡಿಗೆಗೆ ಸಿಕ್ಕಿದ್ದು ಗಂಡ ತೀರಿಕೊಂಡಿದ್ದ ಒಬ್ಬ ಹೆಂಗಸಿನ ಮನೆಯ ಜಗಲಿ ಕೋಣೆ. ಊರೆಲ್ಲ ಆಕೆಯನ್ನು ಅವ್ವ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ಕೋಣೆಯ ಎದುರಿಗೆ, ಮಂಡ್ಯದಲ್ಲಿದ್ದ ಯಾರದೋ ಜಮೀನಿನಲ್ಲಿ, ದೊಡ್ಡ ಹುಣಸೇಮರಗಳ ಸಾಲು. ನಾನು ಹೋದಾಗ ಅವು ಬರಿಯ ಮರಗಳು. ಸಂಕ್ರಾಂತಿ ಸಮೀಪಿಸಿದಾಗ ಒಂದು ಬೆಳಗ್ಗೆ ಹಲ್ಲುಜ್ಜುತ್ತ ನಿಂತಿದ್ದೆ. ತಲೆಯ ಮೇಲೆ ಯಾರೋ ಕಂಬಳಿ ಕೊಡವಿದಂತೆ ಸದ್ದಾಯಿತು. ಹೆಜ್ಜಾರ್ಲೆ, ಹೆಸರು ತಿಳಿದದ್ದು ಆಮೇಲೆ. ಕೆಳಗೆ ಚೀಲ ತೂಗುವ ಉದ್ದ ಕೊಕ್ಕು, ನನ್ನ ಎರಡು ತೋಳು ಚಾಚಿದರೂ ಸಾಲದಷ್ಟು ರೆಕ್ಕೆ. ಅಷ್ಟು ದೊಡ್ಡ ಮೈ ಹುಣಸೆಯ ತುದಿಕೊಂಬೆಗೆ ಇಳಿಯಿತು. ಮುರಿಯಿತು ಎಂದುಕೊಂಡೆ. ಕೊಂಬೆ ಒಮ್ಮೆ ಬಗ್ಗಿ, ಎದ್ದು, ಸುಮ್ಮನಾಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಬಾಲದ ಹತ್ತಿರ ಗುಲಾಬಿ ಬಣ್ಣವಿದ್ದ ಕೊಕ್ಕರೆಗಳು. ಬಾಯಲ್ಲಿದ್ದ ಹಲ್ಲುಪುಡಿಯನ್ನು ಉಗುಳುವುದು ಮರೆತು ನುಂಗಿದ್ದೆ.

ಅವ್ವ ಹೊಸಿಲ ಬಳಿ ಬಂದು ನಿಂತಳು. "ಎಣ್ಮಕ್ಕಳು ಬಾಣಂತನಕ್ಕೆ ಬಂದ್ವು ಮೇಷ್ಟ್ರೇ. ಇನ್ನು ನಿಮ್ಮ ಬಿಳೀ ಪಂಚೆ ಆ ಕಡೆ ಒಣಗಾಕಬ್ಯಾಡಿ."

ಆಕೆ ತಮಾಷೆಗೆ ಹಾಗೆಂದಳು ಎಂದುಕೊಂಡಿದ್ದೆ. ಕ್ರಮೇಣ ತಿಳಿಯಿತು, ಆ ಊರಿನ ಹೆಂಗಸರು ಅದನ್ನು ನಿಜವಾಗಿಯೇ ನಂಬಿ ನಡೆಯುತ್ತಿದ್ದರು. ಹಕ್ಕಿ ಗೂಡಿನಲ್ಲಿರುವಾಗ ಆ ಮರಗಳ ಹುಣಸೆಹಣ್ಣು ಬಡಿಯುತ್ತಿರಲಿಲ್ಲ. ಮರದಡಿಯ ಹಿಕ್ಕೆಯನ್ನು ಕೆರೆಯ ಗೋಡುಮಣ್ಣಿನ ಜೊತೆ ಸೇರಿಸಿ ಗದ್ದೆಗೆ ಹಾಕುತ್ತಿದ್ದರು. ಊರಿಗೆಲ್ಲ ಹಸಿಮೀನಿನ ವಾಸನೆ. ಅದರ ಬಗ್ಗೆ ಗೊಣಗಿದ್ದು ನಾನೊಬ್ಬನೇ.

ಬೇಸಿಗೆ ಬರುವಷ್ಟರಲ್ಲಿ ಆ ಜಮೀನು ಮಾರಾಟವಾಗಿತ್ತು. ಕೊಂಡವರು ಗೆಜ್ಜಲಗೆರೆ ಕಡೆಯ ಒಬ್ಬ ಸಾಹುಕಾರರು, ಅವರೂ ಒಕ್ಕಲು ಮನೆತನದವರೇ. ಅಲ್ಲಿ ಅಕ್ಕಿ ಮಿಲ್ಲು ಏಳುವುದಿತ್ತು. ಬೇಯಿಸಿದ ಭತ್ತ ಹರವಲು ಸಿಮೆಂಟಿನ ಕಣ ಬೇಕು. ಕಣದ ಮೇಲೆ ಹಕ್ಕಿ ಹಿಕ್ಕೆ ಬೀಳಬಾರದು. ಆದ್ದರಿಂದ ಮರಗಳು ಉಳಿಯುವಂತಿರಲಿಲ್ಲ. ಅವ್ವನ ಮಗನಿಗೆ ಮಿಲ್ಲಿನಲ್ಲಿ ಕೆಲಸ ಕೊಡುವುದಾಗಿ ಮಾತಾಗಿತ್ತು. ಅವನಿಗೆ ಆಗಲೇ ಖುಷಿ. ಜಮೀನು ಅವರದು, ಪತ್ರ ಅವರದು. ಊರಿನವರ ಕೈಯಲ್ಲಿ ಏನೂ ಇರಲಿಲ್ಲ.

ಒಂದು ದಿನ ಬೆಳಗಿನ ಶಾಲೆ ಬಿಟ್ಟು ಬರುತ್ತಿದ್ದೆ. ಸಾಹುಕಾರರ ಆಳುಗಳು ಮರದಡಿಯಲ್ಲಿ ಪಟಾಕಿ ಸರಕ್ಕೆ ಬೆಂಕಿ ಕೊಟ್ಟರು. ಹಕ್ಕಿಗಳು ತಾವಾಗಿಯೇ ಬಿಟ್ಟುಹೋದರೆ ಊರಿನವರ ತಕರಾರು ಇರುವುದಿಲ್ಲ ಎಂಬುದು ಅವರ ಲೆಕ್ಕ.

ಆ ಹೊತ್ತನ್ನು ನಾನು ಇಂದಿಗೂ ನಿಧಾನವಾಗಿಯೇ ನೆನೆಯಬೇಕು. ಅಷ್ಟೂ ಹಕ್ಕಿಗಳು ಒಟ್ಟಿಗೆ ಎದ್ದವು. ನೆಲದ ಮೇಲೆ ನೆರಳು ಓಡಿತು, ದನಗಳು ಗೂಟ ಕಿತ್ತುಕೊಂಡವು. ಹೊಗೆ ತಿಳಿಯಾದಾಗ ಗೂಡುಗಳಲ್ಲಿ ಮರಿಗಳು ಮಾತ್ರ ಇದ್ದವು, ಪುಕ್ಕ ಬಾರದ ಮರಿಗಳು, ಸುಡುವ ಬಿಸಿಲಿಗೆ ಕೊಕ್ಕು ತೆರೆದುಕೊಂಡು. ಎರಡು ಮರಿ ನನ್ನ ಮುಂದೆಯೇ ನೆಲಕ್ಕೆ ಬಿದ್ದವು. ಬಿದ್ದ ಸದ್ದು ತೀರ ಮೆತ್ತಗಿತ್ತು. ಹದ್ದುಗಳು ಬಂದು ಸುತ್ತತೊಡಗಿದವು.

ಇನ್ನೊಂದು ಸರ ಸಿಡಿಯಿತು. ಅದು ಸಿಡಿಯುತ್ತಿರುವಾಗಲೇ ಒಂದು ಕೊಕ್ಕರೆ ಮರಳಿ ಬಂತು. ಹೊಗೆಯ ನಡುವೆಯೇ ಗೂಡಿಗಿಳಿದು, ಸೂರ್ಯನಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಅಗಲಿಸಿ ಮರಿಗಳ ಮೇಲೆ ನೆರಳು ಹಿಡಿದು ನಿಂತಿತು. ಆಮೇಲೆ ಇನ್ನೊಂದು, ಮತ್ತೊಂದು. ಪಟಾಕಿ ಸದ್ದಿಗೆ ಪ್ರತಿ ಸಲವೂ ಅವುಗಳ ಮೈ ನಡುಗುತ್ತಿತ್ತು. ರೆಕ್ಕೆ ಮಾತ್ರ ಮಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ಇಡೀ ಸಾಲು ಹರವಿದ ರೆಕ್ಕೆಗಳಿಂದ ತುಂಬಿಹೋಯಿತು. ಪಟಾಕಿ ಹಚ್ಚುತ್ತಿದ್ದ ಆಳು ಕೈಯಲ್ಲಿದ್ದ ಕೊಳ್ಳಿಯನ್ನು ತಾನಾಗಿಯೇ ಮಣ್ಣಿಗೆ ಒತ್ತಿ ಆರಿಸಿದ. ಸಾಹುಕಾರರು ತಲೆಯ ಮೇಲಿನ ಟವೆಲ್ಲು ತೆಗೆದು ಮೇಲೆ ನೋಡುತ್ತಿದ್ದರು.

ಅಷ್ಟರಲ್ಲಿ ಊರ ಹೆಂಗಸರು ಬಂದು ಸೇರಿದ್ದರು. ಅವ್ವ ಮೊದಲು ಬಯ್ದದ್ದು ಮಗನನ್ನು.

"ನೀನೂ ಇಲ್ಲೇ ನಿಂತಿದ್ದೀಯೇನ್ಲಾ? ನಿನ್ನ ಎಡ್ತಿ ಬಾಣಂತಿ ಮಂಚದ ಕೆಳಗೆ ಹಿಂಗೇ ಪಟಾಕಿ ಅಚ್ಲಾ?"

"ಅವ್ವಾ, ಅವು ಅಕ್ಕಿಪಕ್ಷಿ ಕಣವ್ವ."

"ಕಂಡಿವ್ನಿ ಸುಮ್ಕಿರ್ಲಾ." ಆಮೇಲೆ ಸಾಹುಕಾರರ ಕಡೆ ತಿರುಗಿದಳು. ದನಿ ತಗ್ಗಿತ್ತು. "ಸಾವ್ಕಾರ್ರೇ, ಜಮೀನು ನಿಮ್ದು. ಬ್ಯಾಡ ಅನ್ನಾಕೆ ನಾವ್ಯಾರು. ಆದ್ರೆ ಬಾಣಂತೀರ್ನ ಮಡ್ಲು ತುಂಬ್ದೆ ಕಳ್ಸದು ನಮ್ಮೂರಲ್ಲಿಲ್ಲ. ಮಕ್ಕಳು ಬಲೀಲಿ. ಮಡ್ಲು ತುಂಬಿ ಕಳಿಸ್ತೀವಿ. ಆಮ್ಯಾಲೆ ನೀವುಂಟು, ಮರ ಉಂಟು."

ಸಾಹುಕಾರರು ನಗಲು ನೋಡಿದರು. ಆ ಕ್ಷಣ ಅವರಿಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು ಅಂತ ನನಗನ್ನಿಸಿತು.

"ಆಯ್ತು ಕಣವ್ವ, ತುಂಬಿ. ಅಕ್ಕಿ ಬೇಕಾದ್ರೆ ನಾನೇ ಕಳಿಸ್ತೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ವಾರ ಸಾಹುಕಾರರ ಗಾಡಿಯಲ್ಲಿ ಅಕ್ಕಿ ಮೂಟೆ ನಿಜವಾಗಿಯೂ ಬಂತು. ಅವ್ವ ಅದನ್ನು ಅರಿಶಿನ ಹಚ್ಚಿ ಒಳಗಿಡಿಸಿದಳು.

ಮುಂಗಾರು ಹಿಡಿದ ಮೇಲೆ ಮರಿಗಳು ರೆಕ್ಕೆ ಬಲಿತು ಹಾರಿದವು. ಗುಂಪು ಗುಂಪಾಗಿ ಎದ್ದು, ಊರಾಚೆಯ ಹೊಳೆಯ ಮೇಲೆ ಸುತ್ತಿ, ಎತ್ತರಕ್ಕೇರಿ ಕಾಣದಾದವು. ಕೊನೆಯ ಗುಂಪು ಹೋದ ದಿನ ಹೆಂಗಸರು ಪ್ರತಿ ಮರದ ಬುಡಕ್ಕೂ ಅರಿಶಿನ ಕುಂಕುಮ ಇಟ್ಟು, ಅಕ್ಕಿ, ಕೊಬ್ಬರಿ, ಬೆಲ್ಲವನ್ನು ರವಿಕೆ ಕಣದಲ್ಲಿ ಗಂಟು ಕಟ್ಟಿ ಕಾಂಡಕ್ಕೆ ಬಿಗಿದರು. ಆಕಾಶದ ಕಡೆ ನೋಡಿ, ಮಗಳನ್ನು ಕಳಿಸುವಾಗ ಹೇಳುವಂತೆಯೇ, "ಓಗಿ ಬನ್ರವ್ವಾ" ಎಂದರು.

ಮಾತಿನಂತೆ ಸಾಹುಕಾರರು ಕೊಡಲಿಯವರನ್ನು ಕರೆದುಕೊಂಡು ಬಂದರು. ಪೂರಿಗಾಲಿ ಕಡೆಯ ಆಳುಗಳು. ಮೊದಲು ಕೊಡಲಿ ಎತ್ತಿದವನು ಗಂಟು ಕಂಡು ಇಳಿಸಿದ.

"ಇದೇನವ್ವ, ಮಡ್ಲಕ್ಕಿ?"

"ಊಂ ಕಣಪ್ಪ."

"ಯಾರ ಮನೇದು?"

ಅವ್ವ ಸಾಹುಕಾರರ ಕಡೆ ಕೈ ತೋರಿಸಿದಳು. "ಅವ್ರದ್ದೇ ಅಕ್ಕಿ."

ನಮ್ಮ ಕಡೆ ಮಡಿಲಕ್ಕಿ ತವರಿನಿಂದ ಬರಬೇಕು. ಅಪ್ಪನೋ ಅಣ್ಣನೋ ಕೊಡಬೇಕು. ಕೊಟ್ಟವನ ಮನೆ ಆ ಹೆಣ್ಣಿಗೆ ತವರು. ಆಳು ಸಾಹುಕಾರರನ್ನು ಒಂದು ಸಲ ನೋಡಿ, ಕೊಡಲಿಯನ್ನು ಮರಕ್ಕೆ ಒರಗಿಸದೆ ದೂರ ತೆಗೆದುಕೊಂಡು ಹೋಗಿ ನೆಲದ ಮೇಲಿಟ್ಟ.

"ಬಾ ಅಂತ ಅಂದು ಕಳ್ಸಿದೀವಿ ಸಾವ್ಕಾರ್ರೇ. ಇನ್ನು ಅಣ್ಣನಾದೋನು ಮನೆ ಕೀಳುಸ್ತೀನಿ ಅಂದ್ರೆ ಕೀಳ್ಸಿ," ಎಂದಳು ಅವ್ವ.

ಸಾಹುಕಾರರು ಗಂಟುಗಳನ್ನು ಒಂದೊಂದಾಗಿ ನೋಡುತ್ತ ಸಾಲಿನ ಕೊನೆಯವರೆಗೆ ನಡೆದರು. ವಾಪಸು ಬರುವಾಗ ಚಪ್ಪಲಿ ಕೈಯಲ್ಲಿತ್ತು.

"ಕೊಪ್ಪದ ರಸ್ತೇಲಿ ಇನ್ನೊಂದು ಜಾಗ ಐತೆ," ಎಂದು ಅವ್ವನ ಮಗನಿಗೆ ಹೇಳಿದರು. "ಸೈಕಲ್ ತುಳಿತೀಯೇನ್ಲಾ?"

ಅವನು ತಲೆಯಾಡಿಸಿದ, ಮುಖ ಗಂಟು ಹಾಕಿಕೊಂಡೇ.

"ನಮ್ಮ ಗತಿ?" ಎಂದ ಕೊಡಲಿಯವನು. "ಬೆಳಿಗ್ಗೆಯಿಂದ ಒಟ್ಟೆಗಿಲ್ಲ."

"ಮೂಟೇಲಿ ಅಕ್ಕಿ ಮಿಕ್ಕೈತೆ, ಕೂತ್ಕೊಳ್ರಪ್ಪ," ಎಂದು ಅವ್ವ ಒಲೆ ಹಚ್ಚಲು ಹೋದಳು.

ಎಲ್ಲರೂ ಜಗಲಿಯ ಮೇಲೆ ಎಲೆ ಹಾಕಿಕೊಂಡು ಕೂತೆವು, ಸಾಹುಕಾರರೂ. ಅನ್ನ ಕಲಸುತ್ತ, ತಲೆ ಎತ್ತದೆ, ಅವರು ಅವ್ವನನ್ನು ಕೇಳಿದರು:

"ಮತ್ತೆ ಯಾವ ತಿಂಗಳಿಗೆ ಬತ್ತವೆ?"