ಗಂಗವ್ವನ ಎರಡು ಮುಖದ ರೂಪಾಯಿ

ಎರಡು ಸಂತೆಗಳ ಹಿಂದೆ ಬನಹಟ್ಟಿಯ ಒಂದು ಕಿರಾಣಿ ಅಂಗಡಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತೆ. ಬಾಯಿ ಬಿಡಬೇಕಾದ ಹೊತ್ತಿನಲ್ಲೇ ಮುಚ್ಚಿಕೊಂಡೆ. ಅದನ್ನೇ ಈ ವಾರ ಬರೆಯುತ್ತೇನೆ.

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಟಂಕಸಾಲೆಯಲ್ಲಿ ತಪ್ಪಿ ಅಚ್ಚಾದ ನಾಣ್ಯಗಳನ್ನು ಕೂಡಿಸುವುದು. ಅಚ್ಚು ಜಾರಿ ಅರ್ಧವೇ ಮೂಡಿದ ಪೈಸೆ, ಅಕ್ಷರ ಎರಡೆರಡು ಸಲ ಬಿದ್ದ ಆಣೆ, ಇಂಥವು. (ಸಾಲಿ ಮಾಸ್ತರನಿಗೆ ಇದೆಲ್ಲ ಯಾಕೆ ಬೇಕು ಎಂದು ಮನೆಯಾಕೆ ಕೇಳುತ್ತಾಳೆ. ಕೇಳಲಿ.)

ಅವತ್ತು ಬೆಲ್ಲ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ನಮ್ಮ ಓಣಿಯ ಗಂಗವ್ವ ಬಂದಳು. ಗಂಡ ತೀರಿಕೊಂಡ ಮೇಲೆ ತಾನೇ ಮಗ್ಗಕ್ಕೆ ಕೂತು ಸೀರೆ ನೇಯುವ ಹೆಂಗಸು. ಜೋಳ ಅಳೆಸಿಕೊಂಡು ಒಂದು ರೂಪಾಯಿ ಇಟ್ಟಳು. ಅಂಗಡಿಯ ದುಂಡಪ್ಪನವರು ಅದನ್ನು ತಿರುವಿ ನೋಡಿದರು. ಮತ್ತೆ ತಿರುವಿದರು. ಒಂದು ಬದಿಗೆ ದೊರೆಯ ಮುಖ ಉಬ್ಬಿಕೊಂಡಿದೆ. ಸರಿ. ಇನ್ನೊಂದು ಬದಿಗೆ ಒಂದು ರೂಪಾಯಿ ಅಂತ ಇರಬೇಕಾದ ಜಾಗದಲ್ಲಿ ಅದೇ ಮುಖ! ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ, ಒಳಗೆ ತಗ್ಗು ಬಿದ್ದಿದೆ.

"ಖೋಟಾ" ಅಂದರು ದುಂಡಪ್ಪನವರು.

ಸಣ್ಣಗಲ್ಲ. ಸಂತೆಗೆ ಬಂದ ಮಂದಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಖೋಟಾ ರೂಪಾಯಿ ದಾಟಿಸಾಕ ಬಂದಾಳ ಅಂತ ಮತ್ತೊಂದು ಮಾತು ಸೇರಿಸಿದರು. ಅಳೆದ ಜೋಳ ವಾಪಸ್ ಅಂಗಡಿಯ ಚೀಲಕ್ಕೆ ಬಿತ್ತು. ಗಂಗವ್ವ ರೂಪಾಯಿ ಎತ್ತಿಕೊಂಡು ಹೋದಳು.

ಅದು ಖೋಟಾ ಅಲ್ಲ ಅಂತ ನನಗೆ ಗೊತ್ತಿತ್ತು. ಕೆಲವು ಸಲ ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿಯುತ್ತದೆ. ಮುಂದಿನ ಬಿಲ್ಲೆಯ ಮೇಲೆ ಅದೇ ಒತ್ತಿ ಹೀಗೆ ತಗ್ಗು ಮುಖ ಮೂಡುತ್ತದೆ. ಪುಸ್ತಕದಲ್ಲಿ ಚಿತ್ರ ನೋಡಿದ್ದೆ, ಕಣ್ಣಾರೆ ಕಂಡಿದ್ದು ಅವತ್ತೇ. ಹೇಳಬೇಕಿತ್ತಲ್ಲ? ಹೇಳಲಿಲ್ಲ. ಯಾಕೆ? ಕೂಡಿಸುವವರಿಗೆ ಇಂಥದು ಬಹಳ ಬೆಲೆಯದು, ಖೋಟಾ ಅನ್ನಿಸಿಕೊಂಡರೆ ಸೋವಿಯಾಗಿ ಸಿಗುತ್ತದೆ, ಅದಕ್ಕೆ.

ಸಂಜೆ ಅವಳ ಮನೆಗೆ ಹೋದೆ. ಆ ರೂಪಾಯಿಗೆ ಎರಡು ರೂಪಾಯಿ ಕೊಡುತ್ತೇನೆ ಅಂದೆ. ಖೋಟಾಕ್ಕೆ ಎರಡು ಯಾಕ ಅಂತ ಕೇಳಿದಳು. ಇನ್ನು ಬಾಯಿ ಬಿಡದೆ ದಾರಿ ಇರಲಿಲ್ಲ. ನಾಣ್ಯ ಖರೆ ಐತಿ, ಟಂಕಸಾಲೆಯ ಮಿಸ್ಟೇಕು ಅಂದೆ. ನೇಯುತ್ತಿದ್ದವಳ ಕೈಯ ಲಾಳಿ ನಿಂತಿತು.

"ಮುಂಜಾನೆ ಅಂಗಡ್ಯಾಗ ನೀವೂ ಇದ್ದಿರಲ್ಲರಿ, ಮಾಸ್ತರ್ರ?"

ಇದ್ದೆ ಅಂದೆ.

"ಮತ್ತ ಆಗ ಯಾಕ ಅನ್ನಲಿಲ್ಲ?"

ಐದು ಕೊಡುತ್ತೇನೆ ಅಂದುಬಿಟ್ಟೆ. (ಬರೆಯುವಾಗಲೂ ನಾಚಿಕೆಯಾಗುತ್ತದೆ.) ಕೂಲಿಯಾಗಿ ಆ ರೂಪಾಯಿ ಕೊಟ್ಟ ಸೀರೆ ವ್ಯಾಪಾರಿಯೂ ಬದಲಿ ರೂಪಾಯಿ ಕೊಡುತ್ತೇನೆ ಅಂದಿದ್ದನಂತೆ. ಅವಳಿಗೆ ಬದಲಿಯೂ ಬೇಡ, ಐದೂ ಬೇಡ.

"ಇದೇ ರೂಪಾಯಿ ಅದೇ ಅಂಗಡ್ಯಾಗ ನಡೀಬೇಕ್ರಿ. ನಾ ಕಳ್ಳಿ ಅಲ್ಲಂತ ಆ ಮಂದಿಗೆ ತಿಳೀಬೇಕು."

ಮರುದಿನ ಸಾಲಿಗೆ ರಜೆ ಹಾಕಿದೆ. ಇಬ್ಬರೂ ಸರ್ವಿಸ್ ಮೋಟಾರು ಹತ್ತಿ ನಾಣ್ಯ ಪರೀಕ್ಷೆ ಮಾಡಿಸಲು ಜಮಖಂಡಿಯ ಖಜಾನೆಗೆ ಹೋದೆವು. ದಾರಿಯಲ್ಲಿ ಒಂದು ಮಾತು ತಿಳಿಸಿದೆ. ಖಜಾನೆಯವರು ಖೋಟಾ ಅಂದರೆ ಅಲ್ಲೇ ಉಳಿಯಿಂದ ಎರಡು ತುಂಡು ಮಾಡುತ್ತಾರೆ, ರೂಪಾಯಿ ಹೋದ ಹಾಗೇ. ಮಾಡಲಿ ಅಂದಳು. ಒಂದು ರೂಪಾಯಿ ಅಂದರೆ ಅವಳಿಗೆ ಎಷ್ಟು ದಿನದ ನೇಯ್ಗೆ ಅಂತ ನನಗೆ ಗೊತ್ತಿತ್ತು.

ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವವರು ಒಬ್ಬ ಮುದುಕರು, ಪೋತದಾರರು. ಕಲ್ಲಿನ ಮೇಲೆ ಬಡಿದು ದನಿ ಕೇಳಿದರು. ತೂಗಿದರು. ಅಂಚಿನ ಗೀರುಗಳ ಮೇಲೆ ಉಗುರು ಆಡಿಸಿದರು. ಗಂಗವ್ವ ಅವರ ಕೈ ಬಿಟ್ಟು ಬೇರೆ ಕಡೆ ಕಣ್ಣು ಹಾಕಲಿಲ್ಲ.

ಬೆಳ್ಳಿ ಖರೆ, ತೂಕ ಖರೆ, ಅಚ್ಚಿನೊಳಗ ಗಡಬಡ ಆಗೇದ ಅಂದರು. ಇದನ್ನು ಇಲ್ಲಿಟ್ಟು ಬೇರೆ ರೂಪಾಯಿ ಒಯ್ಯಿ ಅಂದರು. ಬ್ಯಾಡ್ರಿ, ಖರೆ ಐತಿ ಅಂತ ಚೀಟಿ ಬರದು ಕೊಡ್ರಿ ಅಂದಳು. ಹಾಗೆ ಬರೆದು ಕೊಡುವ ರಿವಾಜು ಇಲ್ಲ ಅಂದರು. ಆಗಲಿ ಅಂತ ಹೋಗಿ ಹೊರಗೆ ಕಟ್ಟೆಯ ಮೇಲೆ ಕೂತಳು. ಮಧ್ಯಾಹ್ನವಾಯಿತು. ರೊಟ್ಟಿಯ ಗಂಟು ಬಿಚ್ಚಿ ತಿಂದಳು, ನನಗೂ ಒಂದು ಕೊಟ್ಟಳು. ಆಫೀಸು ಮುಚ್ಚುವ ಹೊತ್ತಿಗೆ ಪೋತದಾರರು ಹೊರಗೆ ಬಂದರು, ಇನ್ನೂ ಕೂತವಳನ್ನು ನೋಡಿದರು, ಒಳಗೆ ಹೋಗಿ ಅರ್ಧ ಹಾಳೆಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ತಂದರು.

ಮುಂದಿನ ಸಂತೆಯವರೆಗೆ ಕಾದಳು. ಮಂದಿ ಕೂಡಿದ ಹೊತ್ತು ನೋಡಿಯೇ ಅಂಗಡಿಗೆ ಹೋದಳು, ಜೊತೆಗೆ ನಾನೂ ಹೋದೆ. ಜೋಳ ಅಳೆಸಿಕೊಂಡಳು. ಅದೇ ರೂಪಾಯಿ ಇಟ್ಟಳು, ಪಕ್ಕಕ್ಕೆ ಚೀಟಿ ಇಟ್ಟಳು. ದುಂಡಪ್ಪನವರು ಓದಿ ನನ್ನ ಮುಖ ನೋಡಿದರು. ಚೀಟಿ ಬರೆದವರ ಎದುರಿಗೆ ನಾನೂ ಇದ್ದೆ, ನಾಣ್ಯ ಖರೆ ಅಂದೆ. ಅವರು ರೂಪಾಯಿ ಪೆಟ್ಟಿಗೆಗೆ ಹಾಕಿ, ಆತು ಬಿಡವ್ವಾ, ಖರೆ ಐತಿ ಅಂತ ಗೊಣಗಿದರು.

ಗಂಗವ್ವ ಜೋಳ ಎತ್ತಲಿಲ್ಲ.

"ಹ್ವಾದ ಸಂತ್ಯಾಗ ಇಷ್ಟ ಸಣ್ಣಗ ಅಂದಿರಲಿಲ್ಲರಿ ನೀವು."

ದುಂಡಪ್ಪನವರು ಎದ್ದು ನಿಂತರು. ಈಕಿ ರೂಪಾಯಿ ಖರೆ ಐತಿ, ನಾನ ತಪ್ಪಿದೆ ಅಂತ ಎಲ್ಲರಿಗೂ ಕೇಳುವಂತೆ ಅಂದರು. ಅವರನ್ನೂ ಮೆಚ್ಚಬೇಕು. ಅಷ್ಟು ಮಂದಿಯ ಮುಂದೆ ಹಾಗನ್ನಲು ಎಷ್ಟು ಜನರಿಗೆ ಆದೀತು? ಗಂಗವ್ವ ಜೋಳ ಹೊತ್ತುಕೊಂಡು ನಡೆದಳು.

ಮೊನ್ನೆ ದುಂಡಪ್ಪನವರು ಹೇಳಿಕಳಿಸಿದ್ದರು. ಆ ರೂಪಾಯಿ ಬೇಕಾದರೆ ಬಂದು ಒಯ್ಯಿರಿ, ಒಂದಕ್ಕೆ ಒಂದು ಕೊಟ್ಟರೆ ಸಾಕು ಅಂತ. ಬೇಕೇ ಅಂದರೆ ಬೇಕು, ಸುಳ್ಳು ಯಾಕೆ ಹೇಳಲಿ? ಆದರೂ ಒಲ್ಲೆ ಅಂದೆ. ಇನ್ನು ಮುಂದೆ ನಾಣ್ಯ ಮಾರುವವರಿಗೆ ಅದರ ಖರೆ ಬೆಲೆ ಮೊದಲು ಹೇಳದೆ ಒಂದು ಪೈಸೆಯನ್ನೂ ಕೊಳ್ಳುವುದಿಲ್ಲ. ಇದು ನಿರ್ಧಾರ.

ದುಂಡಪ್ಪನವರು ತಿಳಿಯದೆ ಅಂದರು, ತಿಳಿದ ಮೇಲೆ ತಿದ್ದಿಕೊಂಡರು. ತಿಳಿದೂ ಅನ್ನದವನ ತಪ್ಪು ಎಷ್ಟು ದೊಡ್ಡದು, ನೀವೇ ಹೇಳಿ.